ಎಲ್‌ಸಿಪಿಎಸ್ ಡಾಕ್ಟರಿಗೆ ಇದ್ದ ದಾರಿ ನರ್ಸಿಗೆ ಯಾಕಿಲ್ಲ?

ಅಣ್ಣಿಗೇರಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಎಪಿಸೋಡಿನ ಪ್ರಶ್ನೆ ಒಂದೇ. ಬಿ.ಎಸ್ಸಿ ನರ್ಸಿಂಗ್, ಬಿ.ಫಾರ್ಮ್ ಅಥವಾ ಫಿಸಿಯೋಥೆರಪಿ ಮುಗಿಸಿದವರು ಎಂಬಿಬಿಎಸ್ ಓದಬೇಕು ಅಂದ್ರೆ, ಮೊದಲು ಓದಿದ್ದು ಲೆಕ್ಕಕ್ಕೆ ಬರುತ್ತಾ?

ಬರಲ್ಲ. ನೀಟ್ ಬರೀಬೇಕು, ಸೀಟು ಸಿಕ್ಕರೆ ಫಸ್ಟ್ ಇಯರ್‌ನಿಂದಲೇ ಶುರು ಮಾಡಬೇಕು. ಆದರೆ ಇದು ಮೊದಲಿನಿಂದಲೂ ಹೀಗೇ ಇರಲಿಲ್ಲ. ಅರ್ಧ ದಾರಿ ನಡೆದು ಬಂದವರಿಗೆ ಉಳಿದರ್ಧ ಮಾತ್ರ ನಡೆಸಿದ ಕಾಲ ಒಂದಿತ್ತು.

ಆಗ ನಮ್ಮ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಡಾಕ್ಟರಾಗಲು ಎರಡು ದಾರಿ. ಒಂದು, ವಿಶ್ವವಿದ್ಯಾಲಯದ ಡಿಗ್ರಿ. ಇನ್ನೊಂದು, ಮೆಡಿಕಲ್ ಸ್ಕೂಲು. ಪುಣೆಯಲ್ಲಿ 1878ರಲ್ಲಿ ಶುರುವಾದ ಬಿ.ಜೆ. ಮೆಡಿಕಲ್ ಸ್ಕೂಲ್ ಅಂಥದ್ದೇ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷ ಓದಿದವರು ಲೈಸೆನ್ಷಿಯೇಟ್ ಡಾಕ್ಟರಾಗಿ ಹೊರಬರುತ್ತಿದ್ದರು. ಮದ್ರಾಸ್ ಕಡೆ ಅವರ ಹೆಸರಿನ ಮುಂದೆ ಎಲ್‌ಎಂಪಿ, ಮುಂಬೈ ಕಡೆ ಎಲ್‌ಸಿಪಿಎಸ್. ಖರ್ಚು ಕಡಿಮೆ, ವರ್ಷ ಕಡಿಮೆ, ಮರ್ಯಾದೆಯೂ ಕಡಿಮೆ. 1933ರಲ್ಲಿ ಮೆಡಿಕಲ್ ಕೌನ್ಸಿಲ್ ಕಾನೂನು ಬಂದಾಗ ಅದು ಡಿಗ್ರಿಯವರನ್ನಷ್ಟೇ ನೋಡಿತು, ಲೈಸೆನ್ಷಿಯೇಟರನ್ನು ಹೊರಗಿಟ್ಟಿತು.

ಹೊರಗಿಟ್ಟದ್ದು ಯಾರನ್ನು ಅಂತ 1946ರಲ್ಲಿ ಬಂದ ಭೋರ್ ಸಮಿತಿ ವರದಿ ನೋಡಿದರೆ ತಿಳಿಯುತ್ತೆ. ಆಗ ದೇಶದಲ್ಲಿದ್ದ ಡಾಕ್ಟರುಗಳು ಸುಮಾರು 47,500. ಅದರಲ್ಲಿ ಹತ್ತಿರ ಹತ್ತಿರ 30,000 ಮಂದಿ ಲೈಸೆನ್ಷಿಯೇಟರು. ಅಂದರೆ ಹತ್ತು ಡಾಕ್ಟರಲ್ಲಿ ಆರು ಮಂದಿಗೆ ಡಿಗ್ರಿನೇ ಇರಲಿಲ್ಲ! 6,300 ಜನಕ್ಕೆ ಒಬ್ಬ ಡಾಕ್ಟರ್ ಇದ್ದ ದೇಶ ಇವರ ಮೇಲೆ ನಿಂತಿತ್ತು.

ಭೋರ್ ಸಮಿತಿಯ ಬಹುಮತದ ಅಭಿಪ್ರಾಯ: ಇನ್ನು ಮುಂದೆ ಒಂದೇ ದರ್ಜೆಯ ಡಾಕ್ಟರು ಸಾಕು, ಲೈಸೆನ್ಷಿಯೇಟ್ ಓದು ನಿಲ್ಲಲಿ. ಆರು ಮಂದಿ ಸದಸ್ಯರು ಒಪ್ಪಲಿಲ್ಲ. ಡಾಕ್ಟರುಗಳೇ ಸಾಲದಿರುವಾಗ ಬೇಗ ತಯಾರಾಗುವ ಡಾಕ್ಟರನ್ನು ನಿಲ್ಲಿಸಬೇಡಿ ಅನ್ನೋದು ಅವರ ವಾದ. ಗೆದ್ದದ್ದು ಬಹುಮತ. ಅದೇ 1946ರಲ್ಲಿ ಪುಣೆಯ ಸ್ಕೂಲು ಕಾಲೇಜಾಯ್ತು. 1957ರಲ್ಲಿ ನಮ್ಮ ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬರುವ ಹೊತ್ತಿಗೆ ಎಂಬಿಬಿಎಸ್ ಬಿಟ್ಟು ಬೇರೆ ಮಾತೇ ಇರಲಿಲ್ಲ.

ಆದರೆ ಆಗಲೇ ಪ್ರಾಕ್ಟೀಸ್ ಮಾಡುತ್ತಿದ್ದ ಲೈಸೆನ್ಷಿಯೇಟರನ್ನು ಕೈಬಿಡಲಿಲ್ಲ. ಅವರಿಗಾಗಿ ಹಲವು ಕಡೆ 'ಕಂಡೆನ್ಸ್ಡ್ ಎಂಬಿಬಿಎಸ್' ಅಂತ ಮೊಟಕು ಕೋರ್ಸು ನಡೀತು. ಕಲಿತಿದ್ದನ್ನು ಮತ್ತೆ ಕಲಿಸದೆ, ಕಲಿಯದೆ ಉಳಿದದ್ದನ್ನು ಕಲಿಸಿ, ಪರೀಕ್ಷೆ ಮಾಡಿ, ಡಿಗ್ರಿ ಕೊಟ್ಟರು. ಲೈಸೆನ್ಷಿಯೇಟರ ಪೀಳಿಗೆ ಮುಗೀತು, ಆ ಬಾಗಿಲೂ ಮುಚ್ಚಿತು.

ನಾನು ಕಾಮರ್ಸ್ ಓದಿದವನು. ನಮ್ಮಲ್ಲಿ ಹೋದ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸೇ ಈ ವರ್ಷದ ಓಪನಿಂಗ್ ಬ್ಯಾಲೆನ್ಸು. ನಮ್ಮ ಕಾಕಾನ ಮಗಳು ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯಲ್ಲಿ ನೈಟ್ ಡ್ಯೂಟಿ ಮಾಡ್ತಾಳೆ. "ಅಣ್ಣ, ಅನಾಟಮಿ ಓದೇನಿ, ಫಿಸಿಯಾಲಜಿ ಓದೇನಿ, ಫಾರ್ಮಕಾಲಜಿ ಓದೇನಿ. ಇದಕ್ಕೇನೂ ಕಿಮ್ಮತ್ತಿಲ್ಲೇನು?" ಅಂತ ಒಮ್ಮೆ ಕೇಳಿದಳು. ಅವಳ ಖಾತೆಯಲ್ಲಿ ಮಾತ್ರ ಓಪನಿಂಗ್ ಬ್ಯಾಲೆನ್ಸ್ ಸೊನ್ನೆ.

ಇಲ್ಲಿ ಒಂದು ಫರಕು ಹೇಳಲೇಬೇಕು. ಲೈಸೆನ್ಷಿಯೇಟರು ಓದಿದ್ದು ಡಾಕ್ಟರಿಕೆಯನ್ನೇ, ನರ್ಸಿಂಗ್ ಬೇರೆ ವೃತ್ತಿ. ಭೋರ್ ಕಾಲದಲ್ಲಿ ಇಡೀ ದೇಶಕ್ಕೆ ಸುಮಾರು 7,000 ನರ್ಸುಗಳಿದ್ದರು, ಬಿ.ಎಸ್ಸಿ ನರ್ಸಿಂಗ್ ದೆಹಲಿ ಮತ್ತು ವೆಲ್ಲೂರಿನಲ್ಲಿ ಶುರುವಾದದ್ದೇ 1946ರಲ್ಲಿ. ನರ್ಸೇ ಸಿಗದ ಕಾಲದಲ್ಲಿ ನರ್ಸು ಡಾಕ್ಟರಾಗಲಿ ಅಂತ ಯಾರು ಯೋಚಿಸ್ತಾರೆ ಹೇಳಿ?

ಆ ಮೇಲೆ ಯೋಚನೆ ಬಂದದ್ದು ಬೇರೆ ರೂಪದಲ್ಲಿ. 2017ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆಯಲ್ಲಿ ಆಯುಷ್ ವೈದ್ಯರಿಗೆ ಬ್ರಿಡ್ಜ್ ಕೋರ್ಸ್ ಮಾಡಿ ಕೆಲವು ಅಲೋಪಥಿ ಔಷಧ ಬರೆಯಲು ಬಿಡುವ ಮಾತಿತ್ತು. ಅದೂ ಎಂಬಿಬಿಎಸ್ ಅಲ್ಲ. ಆದರೂ 2018ರ ಜನವರಿ 2ರಂದು ದೇಶದ ಡಾಕ್ಟರುಗಳು ಒಪಿಡಿ ಬಂದ್ ಮಾಡಿದರು. ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಆ ಕಲಮನ್ನು ಕೈಬಿಟ್ಟಿತು. ರೋಗಿಯ ಸುರಕ್ಷತೆ ಬಗ್ಗೆ ಡಾಕ್ಟರುಗಳ ಆತಂಕ ಸುಳ್ಳಲ್ಲ. ಆದರೆ ಪೂರ್ತಿ ಓದಿ, ಅದೇ ಪರೀಕ್ಷೆ ಪಾಸಾಗಲು ತಯಾರಿರುವವರ ವಿಷಯ ಆ ಗದ್ದಲದಲ್ಲಿ ಬರಲೇ ಇಲ್ಲ.

ಬ್ರಿಟನ್ ಇದನ್ನು ಬೇರೆ ಥರ ನೋಡಿತು. ಅಲ್ಲಿ 2000ದಿಂದ ಪದವೀಧರರಿಗೆ ನಾಲ್ಕು ವರ್ಷದ ಮೆಡಿಕಲ್ ಕೋರ್ಸ್ ಇದೆ. ನರ್ಸು, ಫಾರ್ಮಸಿಸ್ಟುಗಳೂ ಅರ್ಜಿ ಹಾಕ್ತಾರೆ. ಪರೀಕ್ಷೆ ಸಡಿಲ ಮಾಡಿಲ್ಲ, ವರ್ಷ ಮಾತ್ರ ಉಳಿಸಿದ್ದಾರೆ.

ಇಲ್ಲಿ ಸದ್ಯಕ್ಕೆ ಸಡಿಲವಾದದ್ದು ಎರಡು. 2022ರಿಂದ ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. 2023ರ ಪ್ರಕಟಣೆಯಂತೆ, ಪಿಯುಸಿ ಮುಗಿದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡವರೂ ಬರೀಬಹುದು. ಅಂದರೆ ಮೂವತ್ತರ ನರ್ಸಿಗೂ ಬಾಗಿಲು ತೆರೆದಿದೆ. ಒಳಗೆ ಹೋದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಒಂದು ದಿನವೂ ಕಡಿಮೆ ಇಲ್ಲ. ಅಷ್ಟು ವರ್ಷ ಸಂಬಳ ಬಿಟ್ಟು ಕೂರಲು ನಮ್ಮ ಕಡೆಯ ಎಷ್ಟು ಮನೆಗೆ ಆಗುತ್ತೆ?

ನರ್ಸಿಗೆ ನೇರ ಸೀಟು ಕೊಡಿ ಅಂತ ನಾನು ಹೇಳ್ತಿಲ್ಲ. ನೀಟ್ ಇರಲಿ, ಫೈನಲ್ ಪರೀಕ್ಷೆಯೂ ಅದೇ ಇರಲಿ. ಕಲಿತದ್ದೆಷ್ಟು ಅಂತ ಪರೀಕ್ಷೆ ಮಾಡಿ, ಅಷ್ಟನ್ನು ಕಳೆದು ಉಳಿದದ್ದನ್ನು ಓದಿಸಿ. ಈ ದೇಶಕ್ಕೆ ಇದು ಹೊಸ ಲೆಕ್ಕ ಅಲ್ಲ, ಒಮ್ಮೆ ಮಾಡಿದ ಲೆಕ್ಕವೇ. ನೀವೇನಂತೀರಿ? ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣ.