ಗೇಣಿ, ರೆಂಟ್, ಟೆನೆಂಟ್: ತುಳುನಾಡಿನ ಅರ್ಥವ್ಯವಹಾರದ ಕೆಲವು ಪದಗಳ ವಿಚಾರ

ಶಬ್ದವು ಒಂದು ಭಾಷೆಯಿಂದ ಮತ್ತೊಂದಕ್ಕೆ ಸಾಗುವಾಗ ಅದರ ಅರ್ಥವೆಲ್ಲವೂ ಜೊತೆಯಲ್ಲಿ ಸಾಗುವುದಿಲ್ಲವೆಂಬುದು ಶಾಬ್ದಿಕರಿಗೆ ಹೊಸತಲ್ಲ. ಕಾವ್ಯದಲ್ಲಿ ಹೀಗಾದರೆ ರಸಕ್ಕೆ ಕುಂದು. ಭೂಮಿಯ ದಸ್ತಾವೇಜಿನಲ್ಲಿ ಹೀಗಾದರೆ ಒಂದು ಮನೆತನದ ಅನ್ನಕ್ಕೇ ಕುಂದು. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ‘ರೆಂಟ್’, ‘ಟೆನೆಂಟ್’ ಮೊದಲಾದ ಆಂಗ್ಲಪದಗಳು ದೇಶ್ಯಪದಗಳ ಸ್ಥಾನದಲ್ಲಿ ಕುಳಿತ ಇತಿಹಾಸವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಆಂಗ್ಲರು ಬರುವುದಕ್ಕೆ ಮುಂಚೆಯೇ ಈ ಸೀಮೆಯಲ್ಲಿ ಅರ್ಥವ್ಯವಹಾರದ ಪರಿಭಾಷೆಯು ಸಮೃದ್ಧವಾಗಿದ್ದಿತು. ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಗವಾಡಿಯ ಬಂಗರು ಮೊದಲಾದ ಅರಸುಮನೆತನಗಳು ಆಳಿದ ತುಳುನಾಡಿನ ದಾನಶಾಸನಗಳಲ್ಲಿ ನಾಣ್ಯಕ್ಕೆ ಗದ್ಯಾಣ, ಅಕ್ಕಿಗೆ ಮುಡಿ, ಹಾನೆ ಎಂಬ ಮಾನಗಳು ಕಾಣಬರುತ್ತವೆ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಯು ಮಂಗಳೂರಿನ ಕಡೆಯ ಲೆಕ್ಕದಲ್ಲಿ 3 ಕಳಸೆ, ಅಂದರೆ 42 ಸೇರು. ಗದ್ದೆಯ ವಿಸ್ತಾರವನ್ನೂ ಬಿತ್ತುವ ಬೀಜದ ಮುಡಿಯಿಂದಲೇ ಹೇಳುತ್ತಿದ್ದರು. ಒಂದೇ ಪದವು ಧಾನ್ಯಕ್ಕೂ ನೆಲಕ್ಕೂ ಅಳತೆಯಾಗಿದ್ದುದರಿಂದ, ಬೆಳೆಯನ್ನು ಬಿಟ್ಟು ನೆಲವನ್ನು ಎಣಿಸುವ ವಾಡಿಕೆಯೇ ಇಲ್ಲಿ ಬಲವಾಗಿರಲಿಲ್ಲವೆಂದು ತಿಳಿಯಬಹುದು.

ಅರಸನಿಗೆ ಸಲ್ಲುವ ಪಾಲಿಗೂ ಕಾಲಕಾಲಕ್ಕೆ ಹೆಸರುಗಳು ಬಂದುವು. ವಿಜಯನಗರದ ಕಾಲದ್ದೆನ್ನಲಾದ ನಿಗದಿಗೆ ‘ರೇಖೆ’ಯೆಂದೂ, ಕೆಳದಿಯ ಶಿವಪ್ಪನಾಯಕನ ನಿಗದಿಗೆ ‘ಶಿಸ್ತು’ ಎಂದೂ, ಅನಂತರ ಕೂಡಿಸಿದ ಹೆಚ್ಚುವರಿಗೆ ‘ಶಾಮಿಲು’ ಎಂದೂ ವ್ಯವಹಾರ. ಆಂಗ್ಲರ ‘ಟ್ಯಾಕ್ಸ್’ ಎಂಬುದರ ಮೂಲಾರ್ಥವು ಬೆಲೆಕಟ್ಟುವುದು. ಅದು ವಿಧಿಸುವವನ ಕಡೆಯಿಂದ ನೋಡಿದ ಮಾತು. ಕನ್ನಡದ ‘ತೆರಿಗೆ’ಯಾದರೋ ‘ತೆರು’ ಧಾತುವಿನಿಂದ ಹುಟ್ಟಿ, ಕೊಡುವವನ ಕಡೆಯಿಂದ ನೋಡುತ್ತದೆ. ಸಾಲದ ಮಾತಿನಲ್ಲಿಯೂ ಇದೇ ಬಗೆಯ ಭೇದವುಂಟು. ‘ಇಂಟರೆಸ್ಟ್’ ಎಂಬುದು ನಡುವೆ ಇರುವುದನ್ನು ಹೇಳಿದರೆ, ಸಂಸ್ಕೃತದ ‘ವೃದ್ಧಿ’ಯ ತದ್ಭವವಾದ ‘ಬಡ್ಡಿ’ಯು ಬೆಳೆಯುವುದನ್ನು ಹೇಳುತ್ತದೆ. ‘ಕ್ಯಾಪಿಟಲ್’ ಎಂಬುದಕ್ಕೆ ತಲೆಯು ಮೂಲಾರ್ಥ. ಕನ್ನಡಿಗರು ‘ಮೊದಲು’ ಎಂದರು. ಇಲ್ಲಿ ಪದಗಳು ಬೇರೆಯಾದರೂ ವಸ್ತುವು ಒಂದೇ ಆದುದರಿಂದ ಭಾಷಾಂತರದಿಂದ ಯಾರಿಗೂ ಹಾನಿಯಾಗಲಿಲ್ಲ.

‘ರೆಂಟ್’ ಎಂಬುದರ ವಿಷಯವು ಹಾಗಲ್ಲ. ಲ್ಯಾಟಿನಿನ ‘ಹಿಂದಕ್ಕೆ ಕೊಡು’ ಎಂಬ ಧಾತುವಿನಿಂದ ಬಂದ ಈ ಪದವು ಮನೆಗೂ ಹೊಲಕ್ಕೂ ಸಮಾನವಾಗಿ ಸಲ್ಲುತ್ತದೆ. ಕನ್ನಡದಲ್ಲಿ ಮನೆಗೆ, ಬಂಡಿಗೆ ‘ಬಾಡಿಗೆ’, ನೆಲಕ್ಕೆ ‘ಗೇಣಿ’. ಗೇಣಿಯಲ್ಲಿಯೂ ತುಳುನಾಡಿನವರು ಭೇದಗಳನ್ನೆಣಿಸಿದರು. ಗೇಣಿಯ ಮೊತ್ತವು ಶಾಶ್ವತವಾಗಿ ನಿಂತು, ಹಕ್ಕು ಸಂತತಿಗೆ ಸಲ್ಲುವುದು ಮೂಲಗೇಣಿ, ಅವಧಿಯುಳ್ಳದ್ದು ವಾಯಿದೆಗೇಣಿ, ವರ್ಷ ವರ್ಷಕ್ಕೂ ಧಣಿಯ ಇಚ್ಛೆಯಂತೆ ನಡೆಯುವುದು ಚಾಲಗೇಣಿ. ಕಡೆಯದು ‘ಮೂಲ’ಕ್ಕೆ ಪ್ರತಿಯಾಗಿ ನಿಂತಿರುವುದರಿಂದ ಅದನ್ನು ಸಂಸ್ಕೃತದ ‘ಚಲ’ವೆಂದು ಭಾವಿಸುವುದುಂಟು, ಆದರೆ ದೀರ್ಘಸ್ವರವನ್ನು ಗಮನಿಸಿದರೆ, ನಡೆಯುತ್ತಿರುವುದೆಂಬ ಅರ್ಥದ ‘ಚಾಲು’ ಎಂಬ ವ್ಯವಹಾರಪದವೇ ಸಮೀಪವೆಂದು ತೋರುತ್ತದೆ.

1799ರಲ್ಲಿ ಕಂಪೆನಿಯವರ ಆಳಿಕೆಗೆ ಸೇರಿದ ಈ ಪ್ರಾಂತಕ್ಕೆ ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದನು. ಭೂಮಿಯ ಖಾಸಗಿ ಒಡೆತನವು ಇಲ್ಲಿ ಪ್ರಾಚೀನವಾದುದೆಂದು ಆತನು 1800ರಲ್ಲಿ ಮೇಲಧಿಕಾರಿಗಳಿಗೆ ಬರೆದನು. ಮರುವರ್ಷ ಬುಕಾನನ್ ಎಂಬ ವೈದ್ಯನು ಬಂಟವಾಳ, ಮೂಡುಬಿದಿರೆಗಳ ಮಾರ್ಗವಾಗಿ ಸಂಚರಿಸಿ, ಇಲ್ಲಿಯ ಬೇಸಾಯವನ್ನೂ ಗೇಣಿಯನ್ನೂ ವಿಚಾರಿಸಿ ಬರೆದುದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹೀಗೆ ವರ್ಗದಾರನು ‘ಪ್ರೊಪ್ರೈಟರ್’ ಆದನು. ಗೇಣಿಯವನು ‘ಟೆನೆಂಟ್’ ಆದನು. ‘ವರ್ಗ’ವೆಂದರೆ ಸರಕಾರದ ಲೆಕ್ಕದಲ್ಲಿ ಒಬ್ಬನ ಹೆಸರಿನ ಹಿಡುವಳಿ. ಇದು ಸಂಸ್ಕೃತಶಬ್ದವೆಂದು ಮೇಲುನೋಟಕ್ಕೆ ಕಂಡರೂ, ಲೆಕ್ಕದ ಹಾಳೆಯೆಂಬ ಅರ್ಥದ ಅರಬೀ ‘ವರಕ್’ ಎಂಬುದರಿಂದ ಬಂದುದೆಂಬ ಪಕ್ಷವುಂಟು. ಅರ್ಥಸಾಮ್ಯದಿಂದ ಈ ಪಕ್ಷವು ಬಲವತ್ತರವಾಗಿದೆ. ವರ್ಗಕ್ಕೆ ಹೊಂದಿ ಸೊಪ್ಪು ಸೌದೆಗಳಿಗೆ ಬಿಟ್ಟ ಸರಕಾರಿ ನೆಲವಾದ ‘ಕುಮ್ಕಿ’ಯೂ ಸಹಾಯವೆಂಬ ಅರ್ಥದ ಪಾರಸೀ ಪದದಿಂದ ಬಂದುದು.

‘ಟೆನೆಂಟ್’ ಎಂದರೆ ಹಿಡಿದುಕೊಂಡಿರುವವನು, ಅಷ್ಟೆ. ತುಳುವರ ‘ಒಕ್ಕೆಲ್’, ಕನ್ನಡದ ‘ಒಕ್ಕಲು’ ಎಂಬ ಪದಗಳಲ್ಲಾದರೋ ನೆಲೆಸಿ ಬಾಳುವ ಅರ್ಥವು ಸೇರಿದೆ. ಚಾಲಗೇಣಿಯವನನ್ನು ‘ಧಣಿಯ ಇಚ್ಛೆ ಇರುವತನಕದ ಟೆನೆಂಟ್’ ಎಂದು ಆಂಗ್ಲಪರಿಭಾಷೆಯಲ್ಲಿ ಬರೆದಾಗ, ತಲೆತಲಾಂತರದಿಂದ ಅದೇ ಗದ್ದೆಯನ್ನು ಉತ್ತ ಕುಟುಂಬವೂ ನಿನ್ನೆ ಬಂದವನೂ ಒಂದೇ ಪಂಕ್ತಿಗೆ ಬಂದರು. ನೆಲೆಸುವಿಕೆಯ ಧ್ವನಿಯು ಅಳಿದು ಇಚ್ಛೆಯೊಂದೇ ಉಳಿಯಿತು. ಧಣಿಯ ಇಚ್ಛೆಯು ಮೊದಲೂ ಇದ್ದಿತೆಂಬುದು ನಿಜ. ಆದರೆ ಆಚಾರವು ಅದನ್ನು ತಡೆಯುತ್ತಿದ್ದಲ್ಲಿ, ಬರೆಹವು ತಡೆಯಲಿಲ್ಲ. ಜನರಾದರೋ ತಮ್ಮ ಪದಗಳನ್ನು ಮರೆಯಲಿಲ್ಲ. 1830–31ರಲ್ಲಿ ಕಂದಾಯದ ಭಾರವನ್ನು ತಾಳಲಾರದೆ ರೈತರು ಗುಂಪುಗೂಡಿದುದಕ್ಕೆ ‘ಕೂಟ’ವೆಂದೇ ಹೆಸರಾಯಿತು, ಆಂಗ್ಲರ ದಾಖಲೆಗಳಿಗೂ ಆ ಪದವೇ ಹೊಕ್ಕಿತು.

ಪದಗಳ ಈ ವ್ಯಾಜ್ಯವು ತೀರಲು ಬಹುಕಾಲ ಹಿಡಿಯಿತು. 1961ರ ಭೂಸುಧಾರಣಾ ಶಾಸನಕ್ಕೆ ಆದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಸಾಗುವಳಿ ಭೂಮಿಗಳು ಸರಕಾರದಲ್ಲಿ ವಿಹಿತವಾಗಿ, ಉಳುವವನಿಗೆ ಒಡೆತನದ ದಾರಿ ತೆರೆಯಿತು. ಆಗ ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕಾಯಿತು. ಅದನ್ನು ಈ ಸೀಮೆಯವರು ‘ಡಿಕ್ಲರೇಶನ್’ ಎಂದೇ ಕರೆದರು. ಓದುಬರೆಹ ಬಾರದ ಒಕ್ಕಲಿನ ಬಾಯಲ್ಲಿಯೂ ಆ ಪದವು ಸಲೀಸಾಯಿತು. ನೆಲವನ್ನು ಕಳೆಯಬಲ್ಲ ಆಂಗ್ಲಪದಗಳನ್ನೇ ಕಂಡಿದ್ದವರಿಗೆ ನೆಲವನ್ನು ಕೊಡಿಸುವ ಆಂಗ್ಲಪದವೂ ದೊರೆಯಿತು. ಸಾಗುವಳಿಯಲ್ಲದ ನಿವೇಶನಗಳ ಮೂಲಗೇಣಿಯು ಮಾತ್ರ ಉಳಿದು, ಅದಕ್ಕಾಗಿಯೇ 2011ರ ಪ್ರತ್ಯೇಕ ಕಾಯಿದೆಯು ಮೂಲಗೇಣಿ, ಒಳಮೂಲಗೇಣಿ ಎಂಬ ಪದಗಳನ್ನು ಭಾಷಾಂತರಿಸದೆ ಹಾಗೆಯೇ ಎತ್ತಿಕೊಂಡಿತು.

ಮ್ಯಾನರನ ತುಳು ನಿಘಂಟು 1886ರಲ್ಲಿ, ಕಿಟ್ಟೆಲನ ಕನ್ನಡ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನಲ್ಲಿಯೇ ಅಚ್ಚಾದುವು. ಇಂಥ ಕೋಶಗಳು ಪದಕ್ಕೆ ಪದವನ್ನು ಕೊಡಬಲ್ಲವು; ಆ ಪದದಿಂದ ಯಾರಿಗೆ ಯಾವ ಹಕ್ಕು ಸಿದ್ಧಿಸಿತೆಂಬುದನ್ನು ದಸ್ತಾವೇಜುಗಳಿಂದಲೇ ತಿಳಿಯಬೇಕು. ಆದುದರಿಂದ ಹಳೆಯ ಗೇಣಿಚೀಟುಗಳನ್ನು ಸಂಗ್ರಹಿಸಿ ಕಾಪಾಡುವುದು ಚರಿತ್ರಕಾರರ ಕೆಲಸವಿರುವಂತೆ ಭಾಷಾಶೋಧಕರ ಕೆಲಸವೂ ಆಗಿದೆ.