ಟ್ಯೂಬಿಂಗನ್ನಿನ ವಿದ್ಯಾರ್ಥಿ ನುಡಿ

ಪ್ರತಿಯೊಂದು ಹಳೆಯ ವಿದ್ಯಾಪೀಠಕ್ಕೂ ಎರಡು ಭಾಷೆಗಳುಂಟು: ಗುರುಗಳು ಪೀಠದ ಮೇಲಿಂದ ಆಡುವುದೊಂದು, ಶಿಷ್ಯರು ಪಡಸಾಲೆಯಲ್ಲಿ ಆಡುವುದೊಂದು. ಮೊದಲನೆಯದು ಗ್ರಂಥಗಳಲ್ಲಿ ಉಳಿಯುತ್ತದೆ. ಎರಡನೆಯದನ್ನು ಬರೆದಿಡುವವರು ವಿರಳ. ಆದರೆ ವಿದ್ಯಾರ್ಥಿಗಳು ಹೇಗೆ ಬಾಳಿದರೆಂಬುದನ್ನು ತಿಳಿಯಬೇಕಾದರೆ ಈ ಎರಡನೆಯದಕ್ಕೇ ಕಿವಿಗೊಡಬೇಕು.

ಜರ್ಮನಿಯಲ್ಲಿ ನೆಕ್ಕರ್ ನದಿಯ ದಡದ ಮೇಲೆ 1477ರಲ್ಲಿ ಸ್ಥಾಪಿತವಾದ ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನು ನೋಡಿ. ಕನ್ನಡಿಗರಿಗೆ ಅದು ತೀರ ದೂರದ್ದೇನಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಓದಿದ್ದು ಅಲ್ಲಿಯೇ.

ಆ ಊರಿನಲ್ಲಿ ‘ಬುರ್ಸೆ’ ಎಂಬ ಹದಿನೈದನೆಯ ಶತಮಾನದ ಕಟ್ಟಡವೊಂದಿದೆ. ಲ್ಯಾಟಿನ್ನಿನಲ್ಲಿ ‘ಬುರ್ಸ’ ಎಂದರೆ ಹಣದ ಚೀಲ. ಒಂದೇ ಚೀಲದಿಂದ ಉಂಡು ಬಾಳುವ ವಿದ್ಯಾರ್ಥಿಗಳ ವಸತಿಗೂ ಅದೇ ಹೆಸರಾಯಿತು. ಅಲ್ಲಿ ಇದ್ದವನು ‘ಬುರ್ಷ್’ ಆದನು. ಜರ್ಮನ್ ವಿದ್ಯಾರ್ಥಿ ಸಂಘಗಳಲ್ಲಿ ಹೊಸಬನಿಗೆ ‘ಫುಕ್ಸ್’, ಅಂದರೆ ನರಿ, ಎಂದು ಹೆಸರು. ವಿದ್ಯಾರ್ಥಿಯಲ್ಲದ ಊರ ಗೃಹಸ್ಥನು ‘ಫಿಲಿಸ್ತರ್’. ಬೈಬಲ್ಲಿನಲ್ಲಿ ದೇವರ ಜನಕ್ಕೆ ಎದುರಾದ ಫಿಲಿಷ್ಟಿಯರ ಹೆಸರು ಅದು!

ಇಷ್ಟು ಬಿಂಕವೇಕೆ ಎನ್ನುವಿರಾ? ಅದಕ್ಕೆ ಕಾನೂನಿನ ಬೆಂಬಲವಿತ್ತು. ಆ ಕಾಲದಲ್ಲಿ ವಿದ್ಯಾರ್ಥಿಯನ್ನು ವಿಚಾರಿಸುವ ಅಧಿಕಾರ ಊರ ನ್ಯಾಯಾಲಯಕ್ಕಲ್ಲ, ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಆದ್ದರಿಂದ ಅದಕ್ಕೆ ತನ್ನದೇ ಸೆರೆಮನೆ ಬೇಕಾಯಿತು, ಅದೇ ‘ಕಾರ್ಟ್ಸರ್’. ಟ್ಯೂಬಿಂಗನ್ನಿನ ಕಾರ್ಟ್ಸರ್ 1515ರಿಂದ ಮುನ್ನೂರು ವರ್ಷಕ್ಕೂ ಮಿಕ್ಕಿ ಬಳಕೆಯಲ್ಲಿತ್ತು. ಒಳಗಿದ್ದವರು ಗೋಡೆಯ ಮೇಲೆ ಗೀಚಿದ ಗುರುತುಗಳು ಇನ್ನೂ ಇವೆ.

ಊರಿಗೂ ವಿದ್ಯಾರ್ಥಿಗಳಿಗೂ ಇದ್ದ ಈ ಅಂತರ ನದಿಯ ಮೇಲೂ ಕಾಣುತ್ತಿತ್ತು. ಮರದ ದಿಮ್ಮಿಗಳನ್ನು ತೆಪ್ಪ ಕಟ್ಟಿ ತೇಲಿಸಿಕೊಂಡು ಬರುವವರನ್ನು ಕಂಡರೆ ಸಾಕು, ಹುಡುಗರು ಕಿಟಕಿಗಳಿಂದ ‘ಯೋಕೆಲೆ, ಸ್ಪೆರ್!’ ಎಂದು ಕೂಗುವರು. ಯೋಕೆಲೆ ಎಂಬುದು ಯಾಕೋಬನ ಮುದ್ದು ಹೆಸರು. ‘ಯಾಕೋಬಣ್ಣ, ತೆಪ್ಪ ತಡೆಯೋ!’ ಎಂದಂತೆ. ಮೈಮುರಿದು ದುಡಿಯುವ ತೆಪ್ಪದವರು ಬೈಗುಳದಲ್ಲಿ ಉತ್ತರ ಕೊಡುವರು. 1899ರಲ್ಲಿ ಕೊನೆಯ ತೆಪ್ಪ ಸಾಗಿತು, ಕೂಗಿಗೆ ಕೇಳುವವನಿಲ್ಲವಾದ. 1956ರಲ್ಲಿ ವಿದ್ಯಾರ್ಥಿಗಳು ಅದೇ ನೀರಿನಲ್ಲಿ ಹುಟ್ಟುಗೋಲಿನ ದೋಣಿಗಳ ಪಂದ್ಯವನ್ನು ಆರಂಭಿಸಿದರು. ಸೋತವರಿಗೆ ಬಹುಮಾನ, ಕುಡಿಯಲು ಮೀನೆಣ್ಣೆ!

ಸೆರೆಮನೆ ಹೋಯಿತು, ತೆಪ್ಪ ಹೋಯಿತು, ವಿಶೇಷ ಕಾನೂನೂ ಹೋಯಿತು. ಮಾತು ಮಾತ್ರ ಉಳಿಯಿತು. ಕಲಾಭಿರುಚಿಯಿಲ್ಲದವನನ್ನು ಇಂಗ್ಲಿಷಿನವರು ‘ಫಿಲಿಸ್ಟೈನ್’ ಎಂದು ಜರೆಯುವಾಗ ಆಡುವುದು ಜರ್ಮನ್ ಹುಡುಗರ ಹಳೆಯ ಬೈಗುಳವನ್ನೇ.

ಕನ್ನಡದ ಗಾದೆಗಳಿಗೂ ಆಡುಮಾತಿಗೂ 1894ರ ತಮ್ಮ ಕೋಶದಲ್ಲಿ ಸ್ಥಳ ಕೊಟ್ಟ ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ಟ್ಯೂಬಿಂಗನ್. 1903ರಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ. ಆದರೆ 1916ರಲ್ಲಿ ಹುಟ್ಟಿದ ನಮ್ಮ ಮೈಸೂರು ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಹುಡುಗರು ಕಟ್ಟಿದ ಮಾತುಗಳು ಯಾವ ಕೋಶಕ್ಕೆ ಸೇರಿಯಾವು? ನಿಮ್ಮ ಮನೆಯ ಹಿರಿಯರು ಕಾಲೇಜಿನ ದಿನಗಳನ್ನು ನೆನೆದು ನಗುವಾಗ, ಹತ್ತಿರ ಕುಳಿತು ಒಂದೆರಡನ್ನು ಬರೆದಿಟ್ಟುಕೊಳ್ಳಿ.