ಸಲಾಡಿನ ಎಣ್ಣೆಗೆ ಸಿಕ್ಕ ಶಿಕ್ಷೆ

1950ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ನಿಯಮ ತಂದಿತು. ಬಾಟಲಿಯ ಮೇಲೆ ‘ಫ್ರೆಂಚ್ ಡ್ರೆಸ್ಸಿಂಗ್’ ಎಂದು ಬರೆಯಬೇಕಾದರೆ ಅದರೊಳಗೆ ತೂಕದ ಲೆಕ್ಕದಲ್ಲಿ ಕನಿಷ್ಠ ಶೇ 35ರಷ್ಟು ಸಸ್ಯಜನ್ಯ ಎಣ್ಣೆ ಇರಲೇಬೇಕು. ಎಣ್ಣೆ ಉಳಿಸಿ ನೀರು ಸೇರಿಸುವುದು ಗಿರಾಕಿಗೆ ಮಾಡುವ ಮೋಸ ಎಂದು ತಿಳಿದಿದ್ದ ಕಾಲ ಅದು. ಡ್ರೆಸ್ಸಿಂಗ್ ಎಂದರೆ ಮೂಲದಲ್ಲಿ ಎಣ್ಣೆ ಮತ್ತು ವಿನೆಗರ್, ಮಿಕ್ಕಿದ್ದೆಲ್ಲ ರುಚಿಗೆ. ಮುಂದಿನ ನಲವತ್ತು ವರ್ಷಗಳಲ್ಲಿ ಅದೇ ದೇಶದಲ್ಲಿ ‘ಇದರಲ್ಲಿ ಎಣ್ಣೆಯೇ ಇಲ್ಲ’ ಎನ್ನುವುದು ಬಾಟಲಿಯ ದೊಡ್ಡ ಹೆಗ್ಗಳಿಕೆಯಾಯಿತು.

ಈ ತಿರುವಿನ ಹಿಂದೆ ನಿಜವಾದ ಭಯವೊಂದಿತ್ತು. 1955ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಡೆನ್ವರ್‌ನಲ್ಲಿ ಹೃದಯಾಘಾತವಾಯಿತು. ಹೃದ್ರೋಗ ಏಕೆ ಬರುತ್ತದೆ ಎಂಬುದು ಮನೆಮನೆಯ ಪ್ರಶ್ನೆಯಾಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನ ಈ ಪ್ರಶ್ನೆಗೆ ಕೊಬ್ಬಿನ ಕಡೆಗೆ ಬೆರಳು ತೋರಿಸಿತು. ಆದರೆ ಯಾವ ಕೊಬ್ಬು? ಕೀಸ್ ಸಂದೇಹಪಟ್ಟಿದ್ದು ಮುಖ್ಯವಾಗಿ ಬೆಣ್ಣೆ, ಮಾಂಸಗಳಲ್ಲಿ ಹೆಚ್ಚಾಗಿರುವ ಸ್ಯಾಚುರೇಟೆಡ್ ಕೊಬ್ಬನ್ನು. ಅವರದೇ ಅಧ್ಯಯನದಲ್ಲಿದ್ದ ಗ್ರೀಸ್‌ನ ಕ್ರೀಟ್ ದ್ವೀಪದ ಜನರಿಗೆ ಒಟ್ಟು ಕ್ಯಾಲೊರಿಯ ಸುಮಾರು ಶೇ 40 ಭಾಗ ಕೊಬ್ಬಿನಿಂದಲೇ, ಅದರಲ್ಲೂ ಬಹುಪಾಲು ಆಲಿವ್ ಎಣ್ಣೆಯಿಂದ, ಬರುತ್ತಿತ್ತು. ಹೃದ್ರೋಗ ಅವರಲ್ಲಿ ತೀರಾ ವಿರಳವಾಗಿತ್ತು.

ಈ ಸೂಕ್ಷ್ಮ ವ್ಯತ್ಯಾಸ ದಾರಿಯಲ್ಲೇ ಕಳೆದುಹೋಯಿತು. 1977ರಲ್ಲಿ ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ನೇತೃತ್ವದ ಸಮಿತಿ ಕೊಬ್ಬನ್ನು ಒಟ್ಟು ಕ್ಯಾಲೊರಿಯ ಶೇ 30ಕ್ಕೆ ಇಳಿಸಬೇಕೆಂದು ಹೇಳಿತು. ಸ್ಯಾಚುರೇಟೆಡ್ ಕೊಬ್ಬಿಗೆ ಶೇ 10ರ ಪ್ರತ್ಯೇಕ ಮಿತಿಯನ್ನೂ ಅದೇ ವರದಿ ಸೂಚಿಸಿತ್ತು, ನಿಜ. ಜನರ ಕಿವಿಗೆ ಬಿದ್ದದ್ದು ಮಾತ್ರ ‘ಕೊಬ್ಬು ಬಿಡಿ’ ಎಂಬ ಎರಡೇ ಪದ. 1992ರಲ್ಲಿ ಸರ್ಕಾರ ಹೊರತಂದ ಆಹಾರ ಪಿರಮಿಡ್ ಎಣ್ಣೆ, ಬೆಣ್ಣೆ, ಸಿಹಿಯನ್ನೆಲ್ಲ ತುತ್ತತುದಿಯಲ್ಲಿ ಒಟ್ಟಿಗೆ ಕೂರಿಸಿ, ಆದಷ್ಟು ಕಡಿಮೆ ಬಳಸಿ ಎಂದಿತು. ಸೋಯಾ ಎಣ್ಣೆಯೂ ಬೆಣ್ಣೆಯೂ ಒಂದೇ ತಕ್ಕಡಿಗೆ ಬಿದ್ದವು. ಸಂದೇಹ ಇದ್ದದ್ದು ಒಂದರ ಮೇಲೆ, ಶಿಕ್ಷೆ ಸಿಕ್ಕಿದ್ದು ಎಲ್ಲಕ್ಕೂ. ಅದು ಅನ್ಯಾಯವೇ ಸರಿ.

ಕಾರ್ಖಾನೆಗಳ ಮುಂದೆ ಈಗ ಕಷ್ಟದ ಕೆಲಸವಿತ್ತು. ಎಣ್ಣೆ ತೆಗೆದರೆ ಉಳಿಯುವುದು ಹುಳಿನೀರು. ಅದು ಎಲೆಗೆ ಅಂಟದೆ ಬಟ್ಟಲಿನ ತಳ ಸೇರುತ್ತದೆ. ಮಂದ ಮಾಡಲು ನೆರವಾದದ್ದು ಇಲಿನಾಯ್ ರಾಜ್ಯದ ಪಿಯೋರಿಯಾದ ಸರ್ಕಾರಿ ಪ್ರಯೋಗಾಲಯದಲ್ಲಿ ಆಲೀನ್ ಜೀನ್ಸ್ ಮತ್ತು ಸಂಗಡಿಗರು ಕಂಡುಹಿಡಿದಿದ್ದ ಕ್ಸಾಂಥಾನ್ ಗಮ್. ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಉಣಿಸಿ ಪಡೆಯುವ ಅಂಟು ಇದು. ಒಂದು ಚಿಟಿಕೆ ಹಾಕಿದರೂ ನೀರು ಗಟ್ಟಿಯಾಗುತ್ತದೆ. ಅದರಿಂದ ಅಪಾಯವೇನೂ ಇಲ್ಲ. ಚಿಂತೆ ಇರುವುದು ಅದರ ಜೊತೆಗೆ ಬಂದವುಗಳ ಬಗ್ಗೆ. ಎಣ್ಣೆಯ ಜೊತೆ ಹೋದ ರುಚಿಯನ್ನು ಮರಳಿ ತರಲು ಅನೇಕ ಬಾಟಲಿಗಳಿಗೆ ಸಕ್ಕರೆ ಅಥವಾ ಜೋಳದ ಸಿರಪ್, ಪಿಷ್ಟ, ಮತ್ತಷ್ಟು ಉಪ್ಪು ಸೇರಿದವು.

1990ರ ಕಾನೂನಿನ ಅಡಿಯಲ್ಲಿ 1994ರಿಂದ ಹೊಸ ಲೇಬಲ್‌ಗಳು ಬಂದವು. ಒಂದು ಸಲ ಬಡಿಸುವ ಪ್ರಮಾಣದಲ್ಲಿ ಅರ್ಧ ಗ್ರಾಂಗಿಂತ ಕಡಿಮೆ ಕೊಬ್ಬಿದ್ದರೆ ‘ಫ್ಯಾಟ್ ಫ್ರೀ’, 3 ಗ್ರಾಂ ಮೀರದಿದ್ದರೆ ‘ಲೋ ಫ್ಯಾಟ್’. ಬಡಿಸುವ ಪ್ರಮಾಣವೆಂದರೆ ಎರಡು ದೊಡ್ಡ ಚಮಚ. ಸುರಿದುಕೊಳ್ಳುವ ಕೈ ಅಷ್ಟಕ್ಕೇ ನಿಲ್ಲುವುದು ಅಪರೂಪ. ಕೊನೆಗೆ 2022ರಲ್ಲಿ ಎಫ್‌ಡಿಎ, ಉದ್ಯಮದ ಬೇಡಿಕೆಯಂತೆ, ಫ್ರೆಂಚ್ ಡ್ರೆಸ್ಸಿಂಗಿನ ಶೇ 35ರ ನಿಯಮವನ್ನೇ ರದ್ದುಮಾಡಿತು.

ಎಣ್ಣೆ ಇಲ್ಲದ ಸಲಾಡ್ ದೇಹಕ್ಕೆ ಏನು ಕೊಡುತ್ತದೆ ಎಂದು ಐಯೋವಾ ಸ್ಟೇಟ್ ವಿಶ್ವವಿದ್ಯಾಲಯದ ವೆಂಡಿ ವೈಟ್ ತಂಡ ಪರೀಕ್ಷಿಸಿತು. ಪಾಲಕ್, ಲೆಟ್ಯೂಸ್, ಟೊಮೆಟೊ, ಕ್ಯಾರೆಟ್ ಇದ್ದ ಸಲಾಡನ್ನು ಅದೇ ಜನರಿಗೆ ಬೇರೆ ಬೇರೆ ದಿನ ಮೂರು ಬಗೆಯಲ್ಲಿ ಕೊಟ್ಟರು: ಎಣ್ಣೆ ಇಲ್ಲದೆ, 6 ಗ್ರಾಂ ಕೆನೋಲಾ ಎಣ್ಣೆಯೊಂದಿಗೆ, 28 ಗ್ರಾಂನೊಂದಿಗೆ. ಊಟದ ಬಳಿಕ ಗಂಟೆಗಂಟೆಗೂ ರಕ್ತ ತೆಗೆದು ನೋಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಎಣ್ಣೆ ಇಲ್ಲದಾಗ ಬೀಟಾ ಕ್ಯಾರೊಟಿನ್, ಲೈಕೊಪಿನ್‌ಗಳು ರಕ್ತ ಸೇರಿದ್ದು ಹೆಚ್ಚುಕಡಿಮೆ ಸೊನ್ನೆ. ಎಣ್ಣೆ ಹೆಚ್ಚಿದಂತೆ ಅವೂ ಹೆಚ್ಚಿದವು. ಈ ಸತ್ವಗಳು ನೀರಿನಲ್ಲಿ ಕರಗವು. ಕರುಳು ದಾಟಲು ಅವುಗಳಿಗೆ ಕೊಬ್ಬಿನ ಆಸರೆ ಬೇಕು. ಪಾಲ್ಗೊಂಡವರು 7 ಜನ ಮಾತ್ರ. ಆದರೆ 2012ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ 29 ಜನರ ಮೇಲೆ ನಡೆಸಿದ ಪರೀಕ್ಷೆಯೂ ಕೊಬ್ಬು ಬೇಕೆಂದೇ ತೋರಿಸಿತು. ಕೆನೋಲಾ ಎಣ್ಣೆಯಾದರೆ 3 ಗ್ರಾಂ ಕೂಡ 20 ಗ್ರಾಂನಷ್ಟೇ ಕೆಲಸ ಮಾಡುತ್ತದೆ ಎಂಬ ಸಮಾಧಾನದ ಸುದ್ದಿಯೂ ಅದರಲ್ಲಿತ್ತು.

ಹೃದಯದ ಮಾತೇನು? ಸುಮಾರು 49,000 ಅಮೆರಿಕನ್ ಮಹಿಳೆಯರನ್ನು ಎಂಟು ವರ್ಷ ಗಮನಿಸಿದ ದೊಡ್ಡ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಒಟ್ಟು ಕೊಬ್ಬನ್ನು ತಗ್ಗಿಸಿದ ಗುಂಪಿನಲ್ಲಿ ಹೃದ್ರೋಗವಾಗಲಿ ಪಾರ್ಶ್ವವಾಯುವಾಗಲಿ ಗಮನಾರ್ಹವಾಗಿ ಇಳಿಯಲಿಲ್ಲ.

ಲೋ ಫ್ಯಾಟ್ ಡ್ರೆಸ್ಸಿಂಗಿನಲ್ಲಿ ಕ್ಯಾಲೊರಿ ಕಡಿಮೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಕೊಬ್ಬಿನ ಒಂದು ಗ್ರಾಂಗೆ 9 ಕ್ಯಾಲೊರಿ, ಸಕ್ಕರೆಗೆ 4. ವೈದ್ಯರು ಕೊಬ್ಬು ಬೇಡ ಎಂದಿದ್ದರೆ ಅವರ ಮಾತೇ ಕೊನೆ. ಉಳಿದವರಿಗೆ, ತರಕಾರಿಯ ಸತ್ವಕ್ಕಾಗಿ ಸಲಾಡ್ ತಿನ್ನುವವರಿಗೆ, ಎಣ್ಣೆ ತೆಗೆದು ಸಕ್ಕರೆ ಹಾಕಿದ ಬಾಟಲಿ ಒಳ್ಳೆಯ ಆಯ್ಕೆಯಲ್ಲ. ಇಂಥ ಬಾಟಲಿಗಳು ಈಗ ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗಳಲ್ಲೂ ಸಿಗುತ್ತವೆ. ಕೊಳ್ಳುವ ಮುನ್ನ ಹಿಂಬದಿ ತಿರುಗಿಸಿ ಓದಿ. ಯಾವ ಪದಾರ್ಥ ಹೆಚ್ಚಿದೆಯೋ ಅದರ ಹೆಸರು ಮೊದಲು ಇರುತ್ತದೆ. ನೀರಿನ ಬೆನ್ನಿಗೇ ಸಕ್ಕರೆ ಕಂಡರೆ ಬಾಟಲಿಯನ್ನು ಅಲ್ಲೇ ಬಿಟ್ಟು ಬನ್ನಿ. ಒಂದು ಬಟ್ಟಲು ತರಕಾರಿಗೆ ಒಂದು ಚಮಚ ಕಡಲೆಕಾಯಿ ಎಣ್ಣೆ, ನಿಂಬೆರಸ, ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ ಸಾಕು.